ನೀರು ಹೊರುವವಳ ಶಿಲ್ಪಿ: ಔಸ್ಮುಂದುರ್ ಸ್ವೇನ್ಸನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಐಸ್‌ಲ್ಯಾಂಡಿನ ಶಿಲ್ಪಕಲೆ ಅಂತ ಮಾತು ತೆಗೆದರೆ ಎದುರಿನವರು ಮೊದಲು ನಗುತ್ತಾರೆ. ಅಲ್ಲಿ ಇರುವುದು ಮಂಜು, ಜ್ವಾಲಾಮುಖಿ, ಬಣ್ಣದ ಆಕಾಶ. ಶಿಲ್ಪ ಎಲ್ಲಿಂದ ಬಂತು ಅಂತ. ಆಮೇಲೆ ಒಂದೊಂದಾಗಿ ಪ್ರಶ್ನೆ ಶುರುವಾಗುತ್ತವೆ. ಮಾತಿನಲ್ಲಿ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿಟ್ಟಿದ್ದೇನೆ. ಮೊದಮೊದಲ ಪ್ರಶ್ನೆಗಳು ಸುಲಭ. ಕೆಳಗಿಳಿದಂತೆ ಸ್ವಲ್ಪ ಜಗಳಗಂಟಿ.

## ಮೊದಲ ಪರಿಚಯ

ಯಾರು ಇವರು? ಎರಡು ಮಾತಲ್ಲಿ ಹೇಳಿಬಿಡಿ.

ಐಸ್‌ಲ್ಯಾಂಡಿನಲ್ಲಿ ಆಧುನಿಕ ಶಿಲ್ಪಕ್ಕೆ ತಳಪಾಯ ಹಾಕಿದ ಕೆಲವೇ ಮಂದಿಯಲ್ಲಿ ಒಬ್ಬರು. ಹುಟ್ಟಿದ್ದು 1893ರ ಮೇ 20ರಂದು, ದೇಶದ ಪಶ್ಚಿಮಕ್ಕಿರುವ ದಾಲಿರ್ ಸೀಮೆಯ ಕೋಲ್ಸ್‌ಸ್ತಾದಿರ್ ಎಂಬ ತೋಟದ ಮನೆಯಲ್ಲಿ. ತೀರಿಕೊಂಡಿದ್ದು 1982ರ ಡಿಸೆಂಬರ್ 9ರಂದು. ಮರ ಕೆತ್ತುವುದರಿಂದ ಶುರುಮಾಡಿ ಜೇಡಿಮಣ್ಣು, ಕಾಂಕ್ರೀಟ್, ಕಂಚು, ಕಬ್ಬಿಣ ಎಲ್ಲದರಲ್ಲೂ ಕೈಯಾಡಿಸಿದರು. ದುಡಿಯುವ ಹೆಂಗಸರ ದಪ್ಪ ಮೈಗಳಿಂದ ಹೊರಟು, ಕೊನೆಗೆ ಮೈಯೇ ಕಾಣದ ಕಬ್ಬಿಣದ ಗೆರೆಗಳವರೆಗೆ ನಡೆದರು. ತಾವಿದ್ದ ಮನೆಯನ್ನೂ ಶಿಲ್ಪದಂತೆ ಕಟ್ಟಿಕೊಂಡರು. ಅದು ಈಗ ಮ್ಯೂಸಿಯಂ.

ಹೆಸರು ಹೇಗೆ ಉಚ್ಚರಿಸೋದು? ಸ್ವೇನ್ಸನ್ ಅಂತ ಕರೆದರೆ ಸಾಕಲ್ವಾ?

ಸಾಲದು, ಅಲ್ಲಿಯವರಿಗೆ ಅದು ವಿಚಿತ್ರವಾಗಿ ಕೇಳಿಸುತ್ತದೆ. ಸ್ವೇನ್ಸನ್ ಅಂದರೆ ಮನೆತನದ ಹೆಸರಲ್ಲ, 'ಸ್ವೇನ್‌ನ ಮಗ' ಅಂತ ಅಷ್ಟೇ. ನಮ್ಮಲ್ಲಿ ಹೆಸರಿನ ಹಿಂದೆ ಅಪ್ಪನ ಹೆಸರಿನ ಇನಿಷಿಯಲ್ ಅಂಟಿಸಿಕೊಳ್ಳುವವರಿಗೆ ಇದು ಥಟ್ಟನೆ ಅರ್ಥವಾಗಬೇಕು. ಇನಿಷಿಯಲ್ ಹಿಡಿದು ಯಾರನ್ನೂ ಕೂಗುವುದಿಲ್ಲ ತಾನೇ? ಐಸ್‌ಲ್ಯಾಂಡಿನಲ್ಲಿ ಟೆಲಿಫೋನ್ ಡೈರೆಕ್ಟರಿಯನ್ನೂ ಮೊದಲ ಹೆಸರಿನ ಅನುಕ್ರಮದಲ್ಲೇ ಅಚ್ಚು ಹಾಕುತ್ತಿದ್ದರು. ಆದ್ದರಿಂದ ಕರೆಯಬೇಕಾದ್ದು ಔಸ್ಮುಂದುರ್ ಅಂತ. ಇಂಗ್ಲಿಷ್ ಕಾಗುಣಿತ ನೋಡಿ 'ಆಸ್ಮುಂಡುರ್' ಎಂದು ಬರೆಯುವವರೇ ಹೆಚ್ಚು. ಆದರೆ ಮೊದಲಕ್ಷರದ ತಲೆಯ ಮೇಲೊಂದು ಓರೆಗೆರೆ ಇದೆ, ಅದಿದ್ದರೆ 'ಆ' ಹೋಗಿ 'ಔ' ಆಗುತ್ತದೆ. ಅವರ ಮ್ಯೂಸಿಯಂ ಔಸ್ಮುಂದರ್‌ಸಪ್ನ್. 'ಸಪ್ನ್' ಅಂದರೆ ಸಂಗ್ರಹಾಲಯ; ಬರೆಯುವುದು 'ಫ' ಇಟ್ಟು, ಓದುವುದು 'ಪ' ಅಂತ. ಈ ಭಾಷೆಯ ತಂಟೆ ಇಲ್ಲಿಗೆ ಸಾಕು.

ಸಮುದ್ರದ ದಂಡೆ ಮೇಲೆ ಸ್ಟೀಲಿನ ದೋಣಿ ಇದೆಯಲ್ಲ, ಅದು ಇವರದ್ದೇ ತಾನೇ?

ಅಲ್ಲ. ರಾಜಧಾನಿ ರೇಕ್ಯಾವಿಕ್‌ಗೆ ಹೋದವರೆಲ್ಲ ಫೋಟೋ ತೆಗೆಸಿಕೊಳ್ಳುವ ಆ 'ಸೋಲ್‌ಫಾರ್', ಅಂದರೆ ಸೂರ್ಯಯಾನದ ನೌಕೆ, ಯೋನ್ ಗುನ್ನಾರ್ ಔರ್ನಾಸನ್ ಎಂಬ ಬೇರೆ ಶಿಲ್ಪಿಯದ್ದು. ಅದನ್ನು ಅನಾವರಣ ಮಾಡಿದ್ದು 1990ರಲ್ಲಿ. ಮಾಡಿದವರು ಅದಕ್ಕೆ ಒಂದು ವರ್ಷ ಮೊದಲೇ ತೀರಿಕೊಂಡಿದ್ದರು. ಔಸ್ಮುಂದುರ್ ಅವರ ಕೃತಿಗಳು ಅಷ್ಟು ಫೋಟೋಜೆನಿಕ್ ಅಲ್ಲ. ಅವು ಹೊಳೆಯುವುದಿಲ್ಲ, ದಪ್ಪಗೆ ಕೂತಿರುತ್ತವೆ.

ಅಮೂರ್ತ ಅಂದ್ರೆ ಏನೂ ಅರ್ಥ ಆಗದ್ದು ಅಂತಾನಾ?

ಇವರ ಮಟ್ಟಿಗೆ ಖಂಡಿತ ಅಲ್ಲ. ಇವರ ಬಹುಪಾಲು ಕೃತಿಗಳಲ್ಲಿ ಒಂದು ಮೈ ಇದೆ, ಒಂದು ಕೆಲಸ ಇದೆ, ಒಂದು ಕಥೆ ಇದೆ. ಅದರಿಂದ ಬೇಡದ್ದನ್ನು ಕಳಚುತ್ತಾ ಹೋಗಿದ್ದಾರೆ. ಮೊದಲು ಮುಖದ ವಿವರ ಹೋಯಿತು, ಆಮೇಲೆ ಬೆರಳು, ಆಮೇಲೆ ಬಟ್ಟೆಯ ಮಡಿಕೆ. ಕೊನೆಗೆ ಹೊಟ್ಟೆ, ಎದೆ ಇರಬೇಕಾದಲ್ಲಿ ತೂತು ಬಂತು. ಉಳಿದದ್ದು ಭಾರ, ಬಾಗು, ಎಳೆತ. ಬಿಂದಿಗೆ ಹೊತ್ತು ಮೆಟ್ಟಿಲು ಹತ್ತಿದವರಿಗೆ ಈ ಭಾರ ಗೊತ್ತು, ಅದಕ್ಕೆ ಕಲಾ ವಿಮರ್ಶೆ ಓದಿರಬೇಕಿಲ್ಲ. ಕಲೆ ಇರಬೇಕಾದ್ದು ಜನ ಓಡಾಡುವ ಕಡೆ, ಆಯ್ದ ಕೆಲವರಿಗಲ್ಲ ಎನ್ನುವುದು ಅವರ ಬದುಕಿನುದ್ದದ ಹಟ.

ಒಂದೇ ದಿನ ಇರ್ತೀನಿ ರೇಕ್ಯಾವಿಕ್‌ನಲ್ಲಿ. ಯಾವುದನ್ನ ನೋಡಲಿ?

ಬೆಳಗ್ಗೆ ವಿಶ್ವವಿದ್ಯಾಲಯದ ಮುಖ್ಯ ಕಟ್ಟಡದ ಎದುರು 'ಸೀಲ್ ಮೇಲೆ ಸೈಮುಂದುರ್' ನೋಡಿ (ಸೀಲ್ ಅಂದರೆ ಕಡಲ ಪ್ರಾಣಿ, ಕಥೆ ಕೆಳಗಿದೆ). ಅಲ್ಲಿಂದ ನಡೆದುಕೊಂಡೇ ಪೇಟೆಯ ನಡುವೆ ಬಾಂಕಸ್ತ್ರೈತಿ ಬೀದಿ ಲೈಕ್ಯರ್ಗಾತಾ ಸೇರುವ ಕಡೆ ಬಂದರೆ 'ನೀರು ಹೊರುವವಳು' ಸಿಗುತ್ತಾಳೆ. ಮಧ್ಯಾಹ್ನ ಬಸ್ ಹಿಡಿದು ಲೋಯ್ಗರ್ದಾಲುರ್ ಕಣಿವೆಯ ಪಕ್ಕದ ಸಿಗ್ತೂನ್ ಬೀದಿಗೆ ಹೋಗಿ. ಗುಮ್ಮಟದ ಬಿಳಿ ಮನೆ ದೂರದಿಂದಲೇ ಕಾಣುತ್ತದೆ. ಸುತ್ತಲಿನ ತೋಟದಲ್ಲಿ ಇರುವ ಸುಮಾರು ಮೂವತ್ತು ಶಿಲ್ಪಗಳಿಗೆ ಟಿಕೆಟ್ ಇಲ್ಲ, ಬೇಲಿಯ ಕಾಟವೂ ಇಲ್ಲ. ಒಳಗೆ ಹೋಗಲು ಮಾತ್ರ ಟಿಕೆಟ್. ರೇಕ್ಯಾವಿಕ್ ಕಲಾ ಸಂಗ್ರಹಾಲಯದ ಮೂರು ಕಟ್ಟಡಗಳಲ್ಲಿ ಇದೂ ಒಂದು. ಉಳಿದೆರಡು ಹಾಪ್ನರ್‌ಹೂಸ್ ಮತ್ತು ಕ್ಯಾರ್ವಲ್ಸ್‌ಸ್ತಾದಿರ್. ಚಳಿಗಾಲದಲ್ಲಿ ಹೋದರೆ ಹಗಲು ನಾಲ್ಕೈದು ಗಂಟೆ ಮಾತ್ರ, ಲೆಕ್ಕ ಹಾಕಿಕೊಂಡು ಹೊರಡಿ.

## ಬದುಕು

ತೋಟದ ಮನೆಯ ಹುಡುಗ ಪ್ಯಾರಿಸ್‌ವರೆಗೆ ಹೋಗಿದ್ದು ಹೇಗೆ?

ನಿಧಾನವಾಗಿ. ಇಪ್ಪತ್ತೆರಡು ತುಂಬುವವರೆಗೂ ಹಳ್ಳಿ ಬಿಟ್ಟಿರಲಿಲ್ಲ ಅನ್ನಬಹುದು. 1915ರಲ್ಲಿ ರೇಕ್ಯಾವಿಕ್‌ಗೆ ಬಂದು ರಿಕರ್ದುರ್ ಯೋನ್ಸನ್ ಎಂಬ ಮರಗೆತ್ತನೆಯ ಕಲಾವಿದರ ಹತ್ತಿರ ನಾಲ್ಕು ವರ್ಷ ಶಿಷ್ಯವೃತ್ತಿ ಮಾಡಿದರು. ಶಿಲ್ಪಿಯಾಗುವ ಮುಂಚೆ ಅವರು ಪಕ್ಕಾ ಕಸುಬುದಾರ ಎನ್ನುವುದನ್ನು ಮರೆಯಬಾರದು. ಉಳಿ ಹಿಡಿಯುವ ಕೈ ಮೊದಲು ಪಳಗಿತು, ಕಲೆಯ ಮಾತು ಆಮೇಲೆ ಬಂತು.

1919ರಲ್ಲಿ ಕೋಪನ್‌ಹೇಗನ್, ಮರುವರ್ಷ ಸ್ಟಾಕ್‌ಹೋಮ್. ಅಲ್ಲಿನ ರಾಯಲ್ ಅಕಾಡೆಮಿಯಲ್ಲಿ ಆರು ವರ್ಷ, ಗುರು ಕಾರ್ಲ್ ಮಿಲ್ಲೆಸ್. ಸ್ವೀಡನ್ನಿನ ಈ ಶಿಲ್ಪಿ ಕಟ್ಟಡ, ಕಾರಂಜಿ, ತೋಟ, ಪ್ರತಿಮೆ ಎಲ್ಲವನ್ನೂ ಒಂದೇ ಕೆಲಸ ಎಂದು ನೋಡುತ್ತಿದ್ದವರು; ಸ್ಟಾಕ್‌ಹೋಮ್ ಹತ್ತಿರದ ದ್ವೀಪದಲ್ಲಿರುವ ಅವರ ಮನೆ ಕೂಡ ಶಿಲ್ಪಗಳ ತೋಟವೇ. ಮುಂದೆ ಔಸ್ಮುಂದುರ್ ತಮ್ಮ ಮನೆ ಕಟ್ಟಿದ ರೀತಿ ನೋಡಿದರೆ ಪಾಠ ಎಲ್ಲಿಂದ ಬಂತೆಂದು ಊಹಿಸುವುದು ಕಷ್ಟವಲ್ಲ. 1926ರಿಂದ ಮೂರು ವರ್ಷ ಪ್ಯಾರಿಸ್; ಅಲ್ಲಿ ಫ್ರೆಂಚ್ ಶಿಲ್ಪಿ ಶಾರ್ಲ್ ದೆಸ್ಪಿಯೋ ಅವರ ಬಳಿ ಕಲಿಕೆ. 1929ರಲ್ಲಿ ವಾಪಸ್ ಊರಿಗೆ. ಹೊರಟಾಗ ಇಪ್ಪತ್ತಾರು, ಮರಳಿದಾಗ ಮೂವತ್ತಾರು.

ಅವರಿಗಿಂತ ಮುಂಚೆ ಐಸ್‌ಲ್ಯಾಂಡಲ್ಲಿ ಶಿಲ್ಪಿಗಳೇ ಇರಲಿಲ್ವಾ?

ಮರದಲ್ಲಿ, ಮೂಳೆಯಲ್ಲಿ ಕೆತ್ತುವವರು ಸಾವಿರ ವರ್ಷದಿಂದ ಇದ್ದರು. ಚಮಚ, ಪೆಟ್ಟಿಗೆ, ಮಂಚದ ಹಲಗೆ, ಚರ್ಚಿನ ಬಾಗಿಲು ಹೀಗೆ. ಬಯಲಲ್ಲಿ ನಿಲ್ಲುವ ಪ್ರತಿಮೆ ಮಾತ್ರ ಹೊಸದು. ರೇಕ್ಯಾವಿಕ್‌ನಲ್ಲಿ ಮೊದಲ ಸಾರ್ವಜನಿಕ ಪ್ರತಿಮೆ ಬಂದದ್ದೇ 1875ರಲ್ಲಿ. ಅದು ಥೋರ್ವಾಲ್ಡ್‌ಸನ್ ಎಂಬ ಡೆನ್ಮಾರ್ಕಿನ ಶಿಲ್ಪಿಯದ್ದು, ಅವರ ತಂದೆ ಐಸ್‌ಲ್ಯಾಂಡಿನವರು. ಆಮೇಲೆ ಬಂದವರು ಐನಾರ್ ಯೋನ್ಸನ್. ಅವರ ಮ್ಯೂಸಿಯಂ 1923ರಲ್ಲಿ ತೆರೆಯಿತು. ಐನಾರ್ ಅವರದ್ದು ಸಂಕೇತಗಳ ಲೋಕ: ದೇವದೂತರು, ಕಲ್ಲಾದ ರಾಕ್ಷಸರು, ಬೆಳಕು ಕತ್ತಲೆಯ ಕದನ. ಔಸ್ಮುಂದುರ್ ಆ ಆಕಾಶದಿಂದ ಇಳಿದು ಬಟ್ಟೆ ಒಗೆಯುವವಳ ಪಕ್ಕ ಕೂತರು.

ಅವರ ಹೆಂಡತಿಯೂ ಶಿಲ್ಪಿ ಅಂತೆ. ಯಾಕೆ ಯಾರೂ ಮಾತಾಡಲ್ಲ?

ಮಾತಾಡಬೇಕಾದ್ದೇ. ಗುನ್‌ಫ್ರಿದುರ್ ಯೋನ್ಸ್‌ದೋತ್ತಿರ್, 1889ರಲ್ಲಿ ಹುಟ್ಟಿದವರು, ಗಂಡನಿಗಿಂತ ನಾಲ್ಕು ವರ್ಷ ದೊಡ್ಡವರು. ಕಸುಬಿನಿಂದ ಬಟ್ಟೆ ಹೊಲಿಯುವವರು. ಗಂಡ ಪರದೇಶದಲ್ಲಿ ಕಲಿಯುವಾಗ ಹೊಲಿಗೆ ಮಾಡಿ ದುಡಿದರು. ತಾವು ಜೇಡಿಮಣ್ಣಿಗೆ ಕೈ ಹಾಕಿದ್ದು ನಲವತ್ತರ ಆಸುಪಾಸಿನಲ್ಲಿ. ದಕ್ಷಿಣ ಕರಾವಳಿಯ ಸ್ತ್ರಾಂದರ್ ಚರ್ಚಿನ ಹತ್ತಿರ ಕಡಲಿಗೆ ಮುಖಮಾಡಿ ನಿಂತ 'ಲಾಂದ್‌ಸೀನ್', ಅಂದರೆ 'ನೆಲ ಕಂಡಿತು', ಅವರ ಕೃತಿ. ಬಿರುಗಾಳಿಗೆ ಸಿಕ್ಕ ನಾವಿಕರಿಗೆ ಬೆಳಕು ತೋರಿದ ಹೆಂಗಸಿನ ಐತಿಹ್ಯ ಅದರ ಹಿಂದಿದೆ.

1933ರಲ್ಲಿ ಇಬ್ಬರೂ ಫ್ರೇಯುಗಾತಾ ಬೀದಿಯ 41ನೇ ನಂಬರಿನಲ್ಲಿ ಮನೆ ಮತ್ತು ಕಾರ್ಯಾಗಾರ ಕಟ್ಟಿಸಿದರು. ಮುಂದೆ ಇಬ್ಬರೂ ಬೇರೆಯಾದರು. ಔಸ್ಮುಂದುರ್ ಮತ್ತೆ ಮದುವೆಯಾಗಿ ಊರ ಹೊರಗೆ ಹೊಸ ಮನೆ ಹುಡುಕಿಕೊಂಡರು. ಫ್ರೇಯುಗಾತಾದ ಆ ಮನೆ ಈಗಲೂ ಇದೆ, 'ಔಸ್ಮುಂದರ್‌ಸಾಲುರ್' ಹೆಸರಿನ ಕಲಾಕೇಂದ್ರವಾಗಿದೆ. ಹೆಸರಿನಲ್ಲಿ ಗಂಡ ಒಬ್ಬರೇ ಉಳಿದದ್ದು ನನಗೆ ಸ್ವಲ್ಪ ಚುಚ್ಚುತ್ತದೆ.

ಗುಂಡಗಿನ ಬಿಳಿ ಮನೆ. ಇಗ್ಲೂ ನೋಡಿ ಕಟ್ಟಿದ್ದು ಅಲ್ವಾ?

ಅತಿ ಹೆಚ್ಚು ಬರುವ ಪ್ರಶ್ನೆ ಇದೇ, ಅತಿ ಹೆಚ್ಚು ತಪ್ಪಿರುವುದೂ ಇದರಲ್ಲೇ. ಐಸ್‌ಲ್ಯಾಂಡಿನಲ್ಲಿ ಇಗ್ಲೂ ಇರಲೇ ಇಲ್ಲ. ಮಂಜಿನ ಗಡ್ಡೆ ಪೇರಿಸಿ ಕಟ್ಟುವ ಆ ಗುಂಡು ಗೂಡು ಕೆನಡಾ, ಗ್ರೀನ್‌ಲ್ಯಾಂಡ್ ಕಡೆಯ ಇನುಯಿಟ್ ಜನರದ್ದು. ಐಸ್‌ಲ್ಯಾಂಡಿನ ಹಳ್ಳಿಗರು ಶತಮಾನಗಟ್ಟಲೆ ಬದುಕಿದ್ದು ಕಲ್ಲಿನ ತಳಪಾಯದ ಮೇಲೆ ಹುಲ್ಲುಹೆಂಟೆ ಪೇರಿಸಿದ ಮನೆಗಳಲ್ಲಿ. ಮರ ಇಲ್ಲ, ಚಳಿಗೆ ತಡೆ ಬೇಕು, ಅದಕ್ಕೆ ಆ ಉಪಾಯ.

ಔಸ್ಮುಂದುರ್ ಅವರ ಗುಮ್ಮಟ ಬಂದದ್ದು ತೆಂಕಣದಿಂದ. ಮೆಡಿಟರೇನಿಯನ್ ಸುತ್ತಿನ ಊರುಗಳ ಗುಮ್ಮಟದ ಮನೆಗಳು, ಈಜಿಪ್ಟಿನ ಪಿರಮಿಡ್ಡುಗಳು: ಈ ಎರಡೂ ಆ ಕಟ್ಟಡದಲ್ಲಿ ಕಾಣುತ್ತವೆ. ಅಂಥ ಆಕಾರವನ್ನು ಆರ್ಕ್‌ಟಿಕ್ ವೃತ್ತದ ಹೊಸ್ತಿಲಲ್ಲಿ ಕಟ್ಟುವುದು ಒಂದು ಬಗೆಯ ತುಂಟತನ. ಆದರೆ ಅದರೊಳಗೊಂದು ತರ್ಕವೂ ಇದೆ. ಮರ ಸಿಗದ ಮರಳುನಾಡಿನವರು ಕಂಡುಕೊಂಡ ಕಟ್ಟೋಣ, ಮರ ಸಿಗದ ಮಂಜುನಾಡಿಗೆ ಯಾಕೆ ಒಗ್ಗಬಾರದು?

ಆ ಮನೆಯನ್ನ ಕೈಯಾರೆ ಕಟ್ಟಿದ್ದಂತೆ, ನಿಜವಾ?

ಬಹುಮಟ್ಟಿಗೆ ನಿಜ. 1942ರಲ್ಲಿ ಶುರು, 1950ರ ಹೊತ್ತಿಗೆ ಗುಮ್ಮಟದ ಮನೆ ಮುಗಿಯಿತು. ನಕ್ಷೆ ಹೆಚ್ಚಾಗಿ ಅವರದೇ, ದುಡಿಮೆಯಲ್ಲೂ ಅವರ ಕೈಯೇ ಮುಂದು. ಕಾಲ ನೆನಪಿಡಿ: ಎರಡನೇ ಮಹಾಯುದ್ಧ. 1940ರ ಮೇ ತಿಂಗಳಲ್ಲಿ ಬ್ರಿಟಿಷ್ ಸೇನೆ ಬಂದಿಳಿದಿತ್ತು, ಹಿಂದೆಯೇ ಅಮೆರಿಕನ್ನರು. ಊರಿನ ತುಂಬ ಸೈನಿಕರು. 1944ರ ಜೂನ್ 17ರಂದು ದೇಶ ಗಣರಾಜ್ಯವಾದಾಗ ಈ ಮನುಷ್ಯ ಊರಾಚೆಯ ಬಯಲಿನಲ್ಲಿ ಗಾರೆ ಕಲಸುತ್ತಿದ್ದರು. ಆಮೇಲೆ 1950ರ ದಶಕದ ಕೊನೆಯೊಳಗೆ ಹಿಂಬದಿಯಲ್ಲಿ ಬಿಲ್ಲಿನಂತೆ ಬಾಗಿದ ಇನ್ನೊಂದು ಕಟ್ಟಡ ಎದ್ದಿತು, ದೊಡ್ಡ ಕೃತಿಗಳಿಗೆ ಜಾಗ ಬೇಕಿತ್ತು. ಎರಡನ್ನೂ ಜೋಡಿಸುವ ಭಾಗ ಅವರ ನಂತರ ವಾಸ್ತುಶಿಲ್ಪಿ ಮಾನ್‌ಫ್ರೆದ್ ವಿಲ್ಹ್ಯಾಲ್ಮ್‌ಸನ್ ಮಾಡಿದ್ದು. ಮನೆ, ಕೃತಿ ಎಲ್ಲವನ್ನೂ ಔಸ್ಮುಂದುರ್ ರೇಕ್ಯಾವಿಕ್ ನಗರಕ್ಕೆ ಬರೆದುಕೊಟ್ಟರು. 1983ರಲ್ಲಿ ಮ್ಯೂಸಿಯಂ ಬಾಗಿಲು ತೆರೆಯಿತು.

ಒಳಗೆ ಗುಮ್ಮಟದ ಕೆಳಗೆ ನಿಂತರೆ ಗೋಡೆ ಎಲ್ಲಿ ಮುಗಿಯಿತು, ಚಾವಣಿ ಎಲ್ಲಿ ಶುರುವಾಯಿತು ಅಂತ ಹೇಳಲಾಗುವುದಿಲ್ಲ. ಮೂಲೆಯೇ ಇಲ್ಲದ ಕೋಣೆಯಲ್ಲಿ ನೆರಳಿಗೂ ಮೂಲೆ ಸಿಗುವುದಿಲ್ಲ. ಶಿಲ್ಪಕ್ಕೆ ಅದಕ್ಕಿಂತ ಒಳ್ಳೆಯ ಬೆಳಕು ಬೇರೆ ಇಲ್ಲ.

## ಕೃತಿಗಳ ಒಳಗೆ

'ನೀರು ಹೊರುವವಳು' ಬಗ್ಗೆ ಅಷ್ಟು ಗಲಾಟೆ ಯಾಕಾಯ್ತು? ನೋಡಿದ್ರೆ ಪಾಪದ ಹೆಂಗಸು.

ಪಾಪದ ಹೆಂಗಸು ಆದದ್ದೇ ತಕರಾರಿಗೆ ಕಾರಣ ಅಂತ ನನ್ನ ಅನಿಸಿಕೆ.

1937ರ ಕೃತಿ ಅದು, ಐಸ್‌ಲ್ಯಾಂಡಿಕ್‌ನಲ್ಲಿ 'ವಾತ್ನ್ಸ್‌ಬೆರಿನ್'. ಹತ್ತಿರ ನಿಂತು ನೋಡಿ. ತಲೆ ಪುಟ್ಟದು, ಬಟ್ಟೆ ಸುತ್ತಿದ್ದು. ಭುಜ ಇಳಿಜಾರು. ಎರಡೂ ತೋಳು ನೇರ ಕೆಳಗೆ, ತುದಿಯಲ್ಲಿ ಎರಡು ಬಕೆಟ್. ಕೆಳಗಿಳಿದಂತೆ ಮೈ ಅಗಲವಾಗುತ್ತಾ ಹೋಗಿ ಲಂಗ, ಸೊಂಟ, ಬಕೆಟ್ ಎಲ್ಲ ಒಂದೇ ಗುಡ್ಡವಾಗುತ್ತದೆ. ನೀರಿನ ತೂಕ ತೋಳನ್ನು ಎಳೆಯುತ್ತಿಲ್ಲ, ಇಡೀ ಮೈಯನ್ನೇ ನೆಲಕ್ಕೆ ಎಳೆಯುತ್ತಿದೆ. ಮುಖದಲ್ಲಿ ನಗುವೂ ಇಲ್ಲ, ಗೋಳೂ ಇಲ್ಲ.

ಇವಳು ಕಲ್ಪನೆಯವಳಲ್ಲ. ನಲ್ಲಿ ಬರುವವರೆಗೂ ರೇಕ್ಯಾವಿಕ್‌ನಲ್ಲಿ ಸಾರ್ವಜನಿಕ ಬಾವಿಗಳಿಂದ ಮನೆಮನೆಗೆ ನೀರು ಹೊತ್ತು ಬದುಕುತ್ತಿದ್ದ ಬಡವರಿದ್ದರು, ಗಂಡಸರೂ ಹೆಂಗಸರೂ. 1909ರಲ್ಲಿ ಗ್ವೆಂದರ್‌ಬ್ರುನ್ನಾರ್ ಚಿಲುಮೆಗಳಿಂದ ಕೊಳವೆಯಲ್ಲಿ ನೀರು ಬಂದಾಗ ಆ ಕಸುಬು ಮುಗಿಯಿತು. 1940ರ ದಶಕದ ಕೊನೆಯಲ್ಲಿ ಈ ಪ್ರತಿಮೆಯನ್ನು ಪೇಟೆಯ ನಡುವೆ, ಬಾಂಕಸ್ತ್ರೈತಿಯಲ್ಲಿ ನಿಲ್ಲಿಸುವ ಮಾತು ಬಂತು. ಊರು ಕೆರಳಿತು. ಕುರೂಪ ಎಂದರು, ಐಸ್‌ಲ್ಯಾಂಡಿನ ಹೆಂಗಸರಿಗೆ ಅವಮಾನ ಎಂದರು. ಆಗಷ್ಟೇ ಗಣರಾಜ್ಯವಾದ ದೇಶ. ಚೌಕದಲ್ಲಿ ವೀರರು ನಿಲ್ಲಬೇಕು, ಕೂಲಿಯವಳಲ್ಲ. ಯಾರೂ ಹಾಗೆ ಬಾಯಿಬಿಟ್ಟು ಹೇಳದಿದ್ದರೂ ಒಳಗಿನ ಮಾತು ಅದೇ ಇರಬೇಕು.

ಪೇಟೆಯಲ್ಲಿ ಜಾಗ ಸಿಗಲಿಲ್ಲ. ಕೊನೆಗೆ ಹವಾಮಾನ ಕಚೇರಿಯ ಹತ್ತಿರದ ದಿಬ್ಬದಲ್ಲಿ, ಜನ ನಡೆದಾಡದ ಕಡೆ ನಿಲ್ಲಿಸಿದರು. 2011ರಲ್ಲಿ ಅವಳನ್ನು ಪೇಟೆಗೆ, ಮೊದಲು ಅಂದುಕೊಂಡಿದ್ದ ಜಾಗದ ಹತ್ತಿರಕ್ಕೇ ತಂದರು. ಅಷ್ಟರಲ್ಲಿ ಶಿಲ್ಪಿ ಸತ್ತು ಇಪ್ಪತ್ತೊಂಬತ್ತು ವರ್ಷ ಆಗಿತ್ತು. ಈಗ ಪಕ್ಕದಲ್ಲೇ ನಿಂತು ಜನ ಬಸ್ಸಿಗೆ, ಗೆಳೆಯರಿಗೆ ಕಾಯುತ್ತಾರೆ. ಯಾರಿಗೂ ಅವಳು ವಿಕಾರ ಅನಿಸುತ್ತಿಲ್ಲ.

ಬಟ್ಟೆ ಒಗೆಯುವವಳ ಶಿಲ್ಪವೂ ಇದೆಯಂತೆ. ಅದೂ ಇದೇ ಸಾಲಿನದ್ದಾ?

ಹೌದು, ಅದೇ ವರ್ಷಗಳದ್ದು, 'ಥ್ವೊತ್ತಾಕೋನಾನ್'. ಅದರ ಸ್ವಾರಸ್ಯ ನಿಂತ ಜಾಗದಲ್ಲಿದೆ. ಲೋಯ್ಗರ್ದಾಲುರ್ ಕಣಿವೆಯಲ್ಲಿ ಬಿಸಿನೀರಿನ ಬುಗ್ಗೆಗಳಿದ್ದವು. ರೇಕ್ಯಾವಿಕ್‌ನ ಹೆಂಗಸರು ಸುಮಾರು ಮೂರು ಕಿಲೋಮೀಟರ್ ಬಟ್ಟೆಯ ಗಂಟು ಹೊತ್ತು ಅಲ್ಲಿಗೆ ನಡೆಯುತ್ತಿದ್ದರು, ಒಗೆದು ಒದ್ದೆ ಬಟ್ಟೆ ಹೊತ್ತು ವಾಪಸ್. ಒದ್ದೆ ಬಟ್ಟೆ ಎಷ್ಟು ಭಾರ ಅಂತ ಹೊಳೆಯಲ್ಲಿ ಒಗೆದವರನ್ನು ಕೇಳಿ. ಕುದಿಯುವ ನೀರಿಗೆ ಬಿದ್ದು ಸತ್ತವರೂ ಇದ್ದಾರೆ; ಆಮೇಲೆ ಕಬ್ಬಿಣದ ಕಮಾನುಗಳ ತಡೆ ಹಾಕಿದರು. ಇಂದು ಪ್ರವಾಸಿಗರು ಶಾಪಿಂಗ್ ಮಾಡುವ ಲೋಯ್ಗವೇಗುರ್ ಬೀದಿಯ ಹೆಸರಿಗೆ 'ಬುಗ್ಗೆಯ ದಾರಿ' ಅಂತ ಅರ್ಥ. ಅದು ಈ ಹೆಂಗಸರಿಗೆಂದೇ ಮಾಡಿದ ರಸ್ತೆ. 1930ರಲ್ಲಿ ಇದೇ ಬುಗ್ಗೆಗಳ ನೀರನ್ನು ಕೊಳವೆಯಲ್ಲಿ ಹರಿಸಿ ಒಂದು ಶಾಲೆಯನ್ನು ಬೆಚ್ಚಗೆ ಮಾಡಿದರು. ಊರಿಗೆಲ್ಲ ನೆಲದ ಬಿಸಿ ಹಂಚುವ ವ್ಯವಸ್ಥೆ ಶುರುವಾದದ್ದು ಹಾಗೆ. ಶಿಲ್ಪ ಆ ಹಳೆಯ ಒಗೆಯುವ ಜಾಗದಲ್ಲೇ ಬಗ್ಗಿ ನಿಂತಿದೆ. ಶಿಲ್ಪಿಯ ಮನೆಯೂ ಅಲ್ಲಿಂದ ದೂರವಿಲ್ಲ.

ಕಾಂಕ್ರೀಟಲ್ಲಿ ಯಾಕೆ ಮಾಡಿದ್ರು? ಕಲ್ಲು ಇರಲಿಲ್ವಾ ಅಲ್ಲಿ?

ಕಲ್ಲು ಬೇಕಾದಷ್ಟಿದೆ, ಆದರೆ ಉಳಿಗೆ ಒಗ್ಗುವ ಕಲ್ಲಲ್ಲ. ಇಡೀ ದೇಶವೇ ಲಾವಾ. ಬಸಾಲ್ಟ್ ಒಂದು ಕಡೆ ಗಾಜಿನಂತೆ ಗಟ್ಟಿ, ಇನ್ನೊಂದು ಕಡೆ ಸ್ಪಂಜಿನಂತೆ ತೂತು. ಅಮೃತಶಿಲೆ ಇಲ್ಲ. ನಮ್ಮ ಬೇಲೂರಿನ ಬಳಪದ ಕಲ್ಲಿನಂತೆ ಹೊಸದರಲ್ಲಿ ಮೆತ್ತಗಿದ್ದು ಆಮೇಲೆ ಗಟ್ಟಿಯಾಗುವ ಭಾಗ್ಯ ಅವರಿಗಿಲ್ಲ. ದೊಡ್ಡ ಕಂಚಿನ ಎರಕಕ್ಕೆ ಹೊರದೇಶವೇ ಗತಿ, ಅದಕ್ಕೆ ದುಡ್ಡು ಬೇಕು. ಇಪ್ಪತ್ತನೇ ಶತಮಾನದಲ್ಲಿ ಹುಲ್ಲುಹೆಂಟೆ ಬಿಟ್ಟ ಐಸ್‌ಲ್ಯಾಂಡ್ ಕಟ್ಟಿದ್ದೆಲ್ಲ ಕಾಂಕ್ರೀಟಿನಲ್ಲಿ: ಮನೆ, ಶಾಲೆ, ಚರ್ಚು. ಶಿಲ್ಪಿಯೂ ಅದನ್ನೇ ಹಿಡಿದರು. ಹಲವು ಕೃತಿಗಳು ಮೊದಲು ಕಾಂಕ್ರೀಟಿನಲ್ಲಿ ಹುಟ್ಟಿ, ಎಷ್ಟೋ ವರ್ಷದ ಮೇಲೆ ಕಂಚಿಗೆ ಬಡ್ತಿ ಪಡೆದವು. ನನಗೆ ಕಾಂಕ್ರೀಟಿನವೇ ಇಷ್ಟ. ಮಳೆ ಬಂದಾಗ ಕಪ್ಪಾಗಿ, ಬಿಸಿಲಿಗೆ ಬೂದಿಯಾಗಿ, ಬಂಡೆಗಳ ಹಾಗೆ ಬಣ್ಣ ಬದಲಿಸುತ್ತವೆ.

ಹೆಸರುಗಳೆಲ್ಲ ಪುರಾಣದ್ದು, ಶಿಲ್ಪದಲ್ಲಿ ಕಥೆಯೇ ಕಾಣಲ್ಲ. ಹೇಗೆ ಹೊಂದಿಸೋದು?

ಕಥೆ ಗೊತ್ತಿರುವವರಿಗಾಗಿ ಮಾಡಿದ್ದು ಅದು. ಅಲ್ಲಿನ ಶಾಲೆಯ ಮಗುವಿಗೂ ಈ ಕಥೆಗಳು ಗೊತ್ತು, ಹಾಗಾಗಿ ಹೇಳುವ ಹೊರೆ ಶಿಲ್ಪಿಗಿಲ್ಲ.

ಸುಲಭದ್ದರಿಂದ ಶುರುಮಾಡಿ. 1920ರ ದಶಕದ 'ಸೀಲ್ ಮೇಲೆ ಸೈಮುಂದುರ್' ಇನ್ನೂ ಮೂರ್ತವೇ. ಸೈಮುಂದುರ್ ಪಂಡಿತ ಫ್ರಾನ್ಸಿನಲ್ಲಿ ಮಾಟದ ವಿದ್ಯೆ ಕಲಿತು ಊರಿಗೆ ಹೊರಟ. ಸೈತಾನನ ಜೊತೆ ಕರಾರು: ನನ್ನ ಅಂಗಿಯ ಅಂಚು ನೆನೆಯದಂತೆ ಐಸ್‌ಲ್ಯಾಂಡಿಗೆ ಮುಟ್ಟಿಸಿದರೆ ನಾನು ನಿನ್ನವನು. ಸೈತಾನ ಸೀಲ್ ಆಗಿ ಕಡಲು ಈಜಿದ. ದಡ ಇನ್ನೇನು ಬಂತು ಅನ್ನುವಾಗ ಪಂಡಿತ ಕೈಯಲ್ಲಿದ್ದ ಸ್ತೋತ್ರದ ಪುಸ್ತಕದಿಂದ ತಲೆಗೆ ಬಾರಿಸಿದ. ಸೀಲ್ ಮುಳುಗಿತು, ಅಂಗಿ ನೆನೆಯಿತು, ಕರಾರು ಮುರಿಯಿತು. ಶಿಲ್ಪ ಹಿಡಿದಿರುವುದು ಪುಸ್ತಕ ಎತ್ತಿದ ಕ್ಷಣವನ್ನು. ವಿಶ್ವವಿದ್ಯಾಲಯದ ಎದುರು ಪುಸ್ತಕದಿಂದ ಸೈತಾನನನ್ನು ಬಡಿಯುವವನು! ಜಾಗ ಆರಿಸಿದವರಿಗೆ ಹಾಸ್ಯಪ್ರಜ್ಞೆ ಇತ್ತು.

ಆಮೇಲೆ ಎಗಿಲ್ ಸ್ಕಲ್ಲಗ್ರೀಮ್ಸನ್ ಕಡೆ ಬನ್ನಿ. ಹತ್ತನೇ ಶತಮಾನದ ಯೋಧ, ಕವಿ. ಯಾರ್ಕ್ ನಗರದಲ್ಲಿ ಶತ್ರು ರಾಜನ ಕೈಗೆ ಸಿಕ್ಕಿಬಿದ್ದು, ಒಂದೇ ರಾತ್ರಿಯಲ್ಲಿ ಅವನ ಹೊಗಳಿಕೆಯ ಕವಿತೆ ಕಟ್ಟಿ ತಲೆ ಉಳಿಸಿಕೊಂಡ. ಆ ಕವಿತೆಯ ಹೆಸರು 'ಹೋವುದ್‌ಲೋಯ್ಸ್ನ್', ಅಂದರೆ 'ತಲೆಗೆ ಬಿಡುಗಡೆ'. ಮುಂದೆ ಮಗ ಕಡಲಲ್ಲಿ ಮುಳುಗಿದಾಗ ಬರೆದ ಶೋಕಗೀತೆ 'ಸೋನತೋರ್ರೆಕ್'. ಎರಡರ ಹೆಸರಲ್ಲೂ ಔಸ್ಮುಂದುರ್ ಶಿಲ್ಪ ಮಾಡಿದ್ದಾರೆ. ಅಲ್ಲಿ ಎಗಿಲ್‌ನ ಗಡ್ಡವನ್ನೋ ಖಡ್ಗವನ್ನೋ ಹುಡುಕಿದರೆ ನಿರಾಸೆಯೇ. ಒಂದು ಆಕಾರ ಬಾಗಿದ ರೀತಿ, ನಡುವೆ ಖಾಲಿ ಬಿಟ್ಟ ಜಾಗ, ಅಷ್ಟರಲ್ಲೇ ಇದೆ ಸಂಗತಿ.

ಯಾವಾಗಿಂದ ಪೂರ್ತಿ ಅಮೂರ್ತಕ್ಕೆ ಹೋದರು?

ಗೆರೆ ಎಳೆದಂತೆ ಹೇಳಲಾಗದು. 1930ರ ದಶಕ ದುಡಿಮೆಯವರದ್ದು: ಕಮ್ಮಾರ, ಒಗೆಯುವವಳು, ನೀರು ಹೊರುವವಳು. 1940ರ ದಶಕದಲ್ಲಿ ಆ ಮೈಗಳೊಳಗೆ ತೂತು ಬೀಳತೊಡಗಿತು, ರಾಕ್ಷಸಿಯರೂ ಸಾವಿನ ಕುದುರೆಯೂ ಬಂದವು. 1948ರ 'ಟ್ರೋಲ್ಲ್‌ಕೋನಾನ್', ರಾಕ್ಷಸಿ, ಈ ಹಂತದ್ದು. 1950ರ ದಶಕದಲ್ಲಿ ಕಬ್ಬಿಣ ಹಿಡಿದರು. ಆಗ ವಯಸ್ಸು ಅರವತ್ತರ ಹತ್ತಿರ. ಜೇಡಿಮಣ್ಣು ತುಂಬುವ ಕೆಲಸ, ಕಬ್ಬಿಣ ಗೆರೆ ಎಳೆಯುವ ಕೆಲಸ. ಕೈ ಬದಲಾಯಿತು, ಆಕಾರವೂ ಬದಲಾಯಿತು.

1952ರ 'ಧ್ವನಿಯ ಗೋಡೆಯನ್ನು ತೂರಿ' ನೋಡಿ. ವಿಮಾನವೊಂದು ಶಬ್ದದ ವೇಗವನ್ನು ಮೊದಲ ಬಾರಿ ದಾಟಿ ಐದು ವರ್ಷ ಆಗಿತ್ತು ಅಷ್ಟೇ. ರೇಕ್ಯಾವಿಕ್‌ನ ಒಳನಾಡಿನ ವಿಮಾನ ನಿಲ್ದಾಣದ ಪಕ್ಕದ ಹೋಟೆಲಿನ ಎದುರು ಅದು ನಿಂತಿದೆ, ಸರಿಯಾದ ಜಾಗ. ಕುದುರೆಯ ಮೇಲೆ ಓಡಾಡಿದ ಬಾಲ್ಯದವರು ಜೆಟ್ ವಿಮಾನಕ್ಕೆ ಬೆರಗಾಗಿ ಮಾಡಿದ್ದು. ಯಂತ್ರಗಳನ್ನು ಕಂಡು ಹಳಹಳಿಸುವ ಕಲಾವಿದರೇ ಹೆಚ್ಚು, ಇವರಿಗೆ ಖುಷಿ. ನೀರು ಹೊರುವವಳ ಬೆನ್ನು ಕಂಡವರಿಗೆ ಕೊಳವೆ, ವಿದ್ಯುತ್ತು, ಯಂತ್ರ ಶತ್ರುವಾಗಿ ಕಾಣುವುದು ಕಷ್ಟ.

## ಸ್ವಲ್ಪ ಜಗಳದ ಪ್ರಶ್ನೆಗಳು

ಹೆನ್ರಿ ಮೂರ್ ಕಾಪಿ ಅಲ್ವಾ ಇದು? ಅದೇ ತೂತು, ಅದೇ ಗುಂಡು.

ನೋಡಿದ್ದಾರೆ, ಕಲಿತಿದ್ದಾರೆ, ಅದನ್ನು ಅಲ್ಲಗಳೆಯುವುದು ಬೇಡ. ಇಂಗ್ಲೆಂಡಿನ ಶಿಲ್ಪಿ ಮೂರ್ ಇವರಿಗಿಂತ ಐದು ವರ್ಷ ಚಿಕ್ಕವರು, ಹೆಸರಿನಲ್ಲಿ ಬಹಳ ದೊಡ್ಡವರು. ಆದರೆ ಮೂರ್ ಅವರ ಹೆಂಗಸರು ಹೆಚ್ಚಾಗಿ ಒರಗಿಕೊಂಡಿರುತ್ತಾರೆ, ಬೆಟ್ಟದ ಸಾಲಿನ ಹಾಗೆ ಮಲಗಿರುತ್ತಾರೆ. ಔಸ್ಮುಂದುರ್ ಹೆಂಗಸರಿಗೆ ಒರಗಲು ಪುರುಸೊತ್ತಿಲ್ಲ. ಹೊರುತ್ತಾರೆ, ಒಗೆಯುತ್ತಾರೆ. 1933ರ ಒಂದು ಕೃತಿಯಲ್ಲಿ ಹಿಮಗಾಳಿಯಲ್ಲಿ ಮಗುವನ್ನು ಅವುಚಿಕೊಂಡ ತಾಯಿ ಇದ್ದಾಳೆ. ಯೋನಸ್ ಹಾಲ್‌ಗ್ರಿಮ್ಸನ್ ಕವಿತೆಯ ಮೊದಲ ಸಾಲೇ ಅದರ ಹೆಸರು. ಕವಿತೆಯಲ್ಲಿ ತಾಯಿ ಸಾಯುತ್ತಾಳೆ, ಮಗು ಉಳಿಯುತ್ತದೆ. ಅಲ್ಲಿ ತಾಯಿಯ ಮೈ ಗೂಡಾದ ರೀತಿ ನೋಡಿದರೆ ಮುಂದೆ ಬಂದ ಪೊಳ್ಳುಗಳ ಬೀಜ ಅಲ್ಲೇ ಇದೆ ಅನಿಸುತ್ತದೆ.

ಅವರ ಒಂದು ಪ್ರತಿಮೆಯನ್ನ ಕದ್ದು ರಾಕೆಟ್‌ನಲ್ಲಿ ಇಟ್ಟಿದ್ರಂತೆ? ತಮಾಷೆನಾ?

ತಮಾಷೆಯಲ್ಲ, 2022ರಲ್ಲಿ ನಡೆದದ್ದು. ಪ್ರತಿಮೆ ಗುದ್ರಿದುರ್ ಥೋರ್‌ಬ್ಯಾರ್ನರ್‌ದೋತ್ತಿರ್ ಎಂಬಾಕೆಯದ್ದು. ಸುಮಾರು ಸಾವಿರ ವರ್ಷದ ಹಿಂದೆ ಉತ್ತರ ಅಮೆರಿಕ ಮುಟ್ಟಿ, ಅಲ್ಲಿ ಸ್ನೋರಿ ಎಂಬ ಮಗನನ್ನು ಹೆತ್ತು, ಮುಂದೆ ರೋಮ್‌ವರೆಗೆ ಯಾತ್ರೆ ಹೋದಳು ಎಂದು ಸಾಗಾ ಎಂಬ ಐಸ್‌ಲ್ಯಾಂಡಿನ ಹಳೆಯ ಕಥನಗಳು ಹೇಳುತ್ತವೆ. ದೋಣಿಯಲ್ಲಿ ನಿಂತ ತಾಯಿ, ಭುಜದ ಮೇಲೆ ಮಗು. 1939ರ ನ್ಯೂಯಾರ್ಕ್ ವಿಶ್ವಮೇಳಕ್ಕೆಂದು ಮಾಡಿದ್ದು. ಅದರ ಎರಕಗಳು ಈಗ ಗ್ಲೋಯ್ಮ್‌ಬೈರ್ ಹಾಗೂ ಲೋಯ್ಗರ್‌ಬ್ರೆಕ್ಕಾ ಎಂಬಲ್ಲಿವೆ. ತೊಂದರೆ ಹೆಸರಿನದ್ದು: 'ಅಮೆರಿಕದ ಮೊದಲ ಬಿಳಿಯ ತಾಯಿ'. ಇಬ್ಬರು ಕಲಾವಿದೆಯರು ಲೋಯ್ಗರ್‌ಬ್ರೆಕ್ಕಾದ ಪ್ರತಿಮೆಯನ್ನು ಪೀಠದಿಂದ ಕಿತ್ತು, ತಾವು ಮಾಡಿದ ರಾಕೆಟ್ಟಿನೊಳಗೆ ಕೂರಿಸಿ ರೇಕ್ಯಾವಿಕ್‌ನ ಕಲಾ ಸಂಗ್ರಹಾಲಯವೊಂದರ ಎದುರು ನಿಲ್ಲಿಸಿದರು.

ಹೆಸರು ಜನಾಂಗದ ಅಹಂಕಾರದ್ದು, ಆ ಮಾತು ನ್ಯಾಯವೇ. ಆ ನೆಲದಲ್ಲಿ ಆಗಲೇ ಎಷ್ಟೋ ತಾಯಂದಿರಿದ್ದರು. ಆದರೆ ಆ ಊರಿನವರು ತಮ್ಮ ಪ್ರತಿಮೆ ಕಳೆದುಕೊಂಡು ಪೊಲೀಸರಿಗೆ ದೂರು ಕೊಟ್ಟದ್ದೂ ನ್ಯಾಯವೇ. ಒಂದಂತೂ ನಿಜ, ಈ ಗಲಾಟೆಯವರೆಗೆ ಆ ಪ್ರತಿಮೆಯ ಹೆಸರನ್ನು ಯಾರೂ ಗಟ್ಟಿಯಾಗಿ ಓದಿರಲಿಲ್ಲ.

ಅವರ ನಂತರ ಯಾರು? ಒಬ್ಬರೇನಾ ಇದ್ದಿದ್ದು?

ಇಬ್ಬರ ಹೆಸರು ಸಾಕು. ಸಿಗುರ್‌ಯೋನ್ ಓಲಾಫ್ಸನ್, 1908ರಲ್ಲಿ ಹುಟ್ಟಿದವರು. ವಿಚಿತ್ರವೆಂದರೆ ಔಸ್ಮುಂದುರ್ ಹೋದ ಅದೇ 1982ರ ಡಿಸೆಂಬರಿನಲ್ಲೇ ಅವರೂ ಹೋದರು. ಇನ್ನೊಬ್ಬರು ಗೆರ್ದುರ್ ಹೆಲ್ಗದೋತ್ತಿರ್, 1928ರಲ್ಲಿ ಹುಟ್ಟಿ ನಲವತ್ತೇಳಕ್ಕೇ ತೀರಿಕೊಂಡವರು. ಕಬ್ಬಿಣದ ಅಮೂರ್ತ ಶಿಲ್ಪವನ್ನು 1950ರ ದಶಕದ ಮೊದಲಲ್ಲೇ ಪ್ಯಾರಿಸ್‌ನಲ್ಲಿ ಮಾಡುತ್ತಿದ್ದ ಹೆಂಗಸು. ರೇಕ್ಯಾವಿಕ್ ಬಂದರಿನ ಹತ್ತಿರದ ಸುಂಕದ ಕಟ್ಟಡದ ಮೇಲಿರುವ ದೊಡ್ಡ ಮೊಸಾಯಿಕ್ ಅವರದ್ದು. ನಿಜ ಹೇಳಬೇಕೆಂದರೆ, ಕಬ್ಬಿಣದಲ್ಲಿ ಆಕೆಯ ಗೆರೆ ಔಸ್ಮುಂದುರ್ ಗೆರೆಗಿಂತ ಚೂಪು.

ಮಕ್ಕಳನ್ನ ಕರ್ಕೊಂಡು ಹೋಗ್ತೀನಿ. ಶಿಲ್ಪ ಮುಟ್ಟಿದರೆ ಬೈತಾರಾ?

ತೋಟದಲ್ಲಿ ಮುಟ್ಟದೆ ಇರುವ ಮಕ್ಕಳನ್ನು ಕಾಣುವುದೇ ಕಷ್ಟ. ತೂತಿರುವ ಕಡೆ ನುಸುಳುತ್ತಾರೆ, ರಾಕ್ಷಸಿಯ ಮಡಿಲು ಹತ್ತುತ್ತಾರೆ. ಔಸ್ಮುಂದುರ್ ಅವರಿಗೂ ಅದು ಸಂತೋಷದ ಸಂಗತಿಯಾಗಿತ್ತು. ಒಳಗೆ ಮಾತ್ರ ಕೈ ಕಟ್ಟಿಕೊಂಡು ನೋಡಿ. ಕೈಗವಸು ಮರೆಯಬೇಡಿ, ಮಂಜಿನ ದಿನ ಕಂಚು ಚರ್ಮಕ್ಕೆ ಅಂಟಿದಂತೆ ಚುರ್ರೆನ್ನುತ್ತದೆ.

ಇಷ್ಟು ಹೊಗಳ್ತೀರಲ್ಲ, ನಿಮಗೆ ಹಿಡಿಸದ ಕೃತಿ ಒಂದೂ ಇಲ್ವಾ?

ಇವೆ. 1960ರ ನಂತರದ ಕೆಲವು ಕಬ್ಬಿಣದ ಕೃತಿಗಳು ಸಣ್ಣ ಮಾದರಿಯಾಗಿದ್ದಾಗ ಚೆನ್ನಾಗಿದ್ದು, ದೊಡ್ಡದಾದ ಮೇಲೆ ಬಡಕಲಾದವು. ಅಂಗೈಯಲ್ಲಿ ಹಿಡಿಯುವ ಗಾತ್ರದಲ್ಲಿ ಗೆರೆಗಳ ನಡುವಿನ ಖಾಲಿ ಜಾಗ ಬಿಗಿಯಾಗಿರುತ್ತದೆ. ಅದನ್ನೇ ಮೂರಾಳೆತ್ತರಕ್ಕೆ ಹಿಗ್ಗಿಸಿದರೆ ಖಾಲಿ ಜಾಗ ಬರೀ ಖಾಲಿಯಾಗುತ್ತದೆ, ಹಿಂದಿನ ಕಾರ್ ಪಾರ್ಕು ಕಾಣುತ್ತದೆ. 'ನೀರು ಹೊರುವವಳು' ಹಾಗಲ್ಲ. ಅವಳ ಹಿಂದೆ ಏನಿದೆ ಅಂತ ನೋಡಲು ನೀವೇ ಸುತ್ತು ಹಾಕಬೇಕು.